ಹುಳದ ಮನೆ, ಕಾಗದದ ಕೊಟ್ಟಿಗೆ

ಮನೆಯಲ್ಲಿ ರೇಷ್ಮೆ ಹುಳ ಇದ್ದಷ್ಟು ದಿನ ನಾವು ಯಾರನ್ನೂ ನಂಬುವಂತಿರಲಿಲ್ಲ. ಅದು ಅಜ್ಜಿಯ ಕಟ್ಟಳೆ. ರಾಮನಗರದ ಹತ್ತಿರ, ಕೈಲಾಂಚದ ಕಡೆಯ ನಮ್ಮ ಊರಿನಲ್ಲಿ ಹುಳ ಸಾಕದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ, ಆದರೆ ನಮ್ಮಜ್ಜಿ ಕೆಂಪಮ್ಮ ಸಾಕಿದ ಹಾಗೆ ಬೇರೆ ಯಾರೂ ಸಾಕುತ್ತಿರಲಿಲ್ಲ. ಮನೆಯ ಅತಿ ದೊಡ್ಡ ಕೋಣೆ, ಗಾಳಿ ಬೆಳಕು ಚೆನ್ನಾಗಿ ಆಡುತ್ತಿದ್ದ ನಡುಮನೆ, ಹುಳಗಳದು. ಮನುಷ್ಯರು ಅಡುಗೆಮನೆಯ ಪಕ್ಕದ ಇಕ್ಕಟ್ಟಿನಲ್ಲಿ, ಜಗಲಿಯ ಮೇಲೆ, ಬೇಸಿಗೆಯಾದರೆ ಅಂಗಳದಲ್ಲಿ ಮಲಗುತ್ತಿದ್ದೆವು. ನಡುಮನೆಯ ಹೊಸ್ತಿಲ ಮುಂದೆ ಸುಣ್ಣದ ಪುಡಿ ಚೆಲ್ಲಿರುತ್ತಿತ್ತು. ಒಳಗೆ ಹೋಗುವವರು ಅದನ್ನು ತುಳಿದು ಹೋಗಬೇಕು. ತುಳಿಯುವ ಮುಂಚೆ ಎರಡೂ ಅಂಗೈಗಳನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿಯಬೇಕು. ತಲೆಗೆ ಹಚ್ಚಿದ ಎಣ್ಣೆ, ಮುಖಕ್ಕೆ ಬಳಿದ ಪೌಡರು, ಅಪ್ಪ ಕದ್ದು ಸೇದಿದ ಬೀಡಿ, ಅವ್ವ ಹೆಚ್ಚಿದ ಈರುಳ್ಳಿ, ಎಲ್ಲವೂ ಆ ಮೂಗಿಗೆ ಸಿಕ್ಕಿಬೀಳುತ್ತಿದ್ದವು. ಹುಳ ಗೂಡು ಕಟ್ಟುವವರೆಗೆ ಮನೆಯಲ್ಲಿ ಒಗ್ಗರಣೆ ಸಿಡಿಯುವಂತಿರಲಿಲ್ಲ. ಹೊತ್ತು ಹೊತ್ತಿಗೂ ಮುದ್ದೆ, ಉಪ್ಸಾರು. ನೆಂಟರು ಬಂದರೆ ಜಗಲಿಯಲ್ಲೇ ನೀರು, ಜಗಲಿಯಲ್ಲೇ ಊಟ, ಅಲ್ಲಿಂದಲೇ ವಾಪಸ್ಸು. ಹುಳ ಇಲ್ಲದ ದಿನಗಳಲ್ಲೂ ಅಜ್ಜಿಯ ನೋಟ ಬದಲಾಗುತ್ತಿರಲಿಲ್ಲ. ಡೇರಿಯವನು ಹಾಲು ಅಳೆಯುವಾಗ ಅವಳು ಅವನ ಮುಖ ನೋಡಿದ್ದಿಲ್ಲ, ಕೈಯನ್ನೇ ನೋಡುತ್ತಿದ್ದಳು. ಸೊಪ್ಪಿನವಳು ನಗುತ್ತ ಮಾತಾಡಿಸಿದರೆ ಕಟ್ಟನ್ನು ಬಿಚ್ಚಿಸಿ ಒಳಗಿನ ಎಲೆ ನೋಡುತ್ತಿದ್ದಳು.

ನಾನಾಗ ಮೂರನೇ ಕ್ಲಾಸು. ಮನೆಯಲ್ಲಿದ್ದ ಮಗು ನಾನೊಬ್ಬಳೇ ಆದ್ದರಿಂದ ಎಲ್ಲರಿಗೂ ಬೇಹುಗಾರ್ತಿಯಾಗಿ ನಾನೇ ಒದಗುತ್ತಿದ್ದೆ. ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚುತ್ತ ಮೆಲ್ಲಗೆ ಹೇಳುತ್ತಿದ್ದಳು:

"ನಿಮ್ಮವ್ವ ತೌರಿಂದ ಬಂದೋರ್ ಕೈಲಿ ಏನ್ ಕಟ್ಟಿ ಕಳಿಸ್ತಾಳೆ ಅಂತ ಒಸಿ ನೋಡ್ಕಂಡಿರು ಮಗಾ."

ಅದೇ ತಲೆಗೆ ಹೂ ಮುಡಿಸುತ್ತ ಅವ್ವ ಹೇಳುತ್ತಿದ್ದಳು:

"ನಿಮ್ಮಜ್ಜಿ ಪಕ್ಕದ್ ಮನೆಯೋಳತ್ರ ನನ್ ಮೇಲೆ ಏನೇನ್ ಚಾಡಿ ಹೇಳ್ತಾರೆ, ಸುಮ್ನೆ ಕೇಳಿಸ್ಕಂಡ್ ಬಾ."

ನಾನು ಇಬ್ಬರ ಕೆಲಸವನ್ನೂ ಶ್ರದ್ಧೆಯಿಂದ ಮಾಡುತ್ತಿದ್ದೆ. ಇಬ್ಬರಿಂದಲೂ ಬೆಲ್ಲ ಸಿಗುತ್ತಿತ್ತು. ಇದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಅನ್ನಿಸಿದ್ದಿಲ್ಲ. ಮನೆ ಎಂದರೆ ಒಬ್ಬರು ಇನ್ನೊಬ್ಬರನ್ನು ಕಾಯುವ ಜಾಗ ಎಂದು ನಂಬಿದ್ದೆ.

ಇಂಥ ಮನೆಗೆ ಚಿಕ್ಕವ್ವ ಬಂದಳು. ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಹಾಲಿನ ವ್ಯಾನು ಓಡಿಸುತ್ತಿದ್ದ. ಮಾಗಡಿ ತಾಲ್ಲೂಕಿನ ಸೋಲೂರಿನ ಕಡೆಯಿಂದ ಅವನಿಗೆ ಹೆಣ್ಣು ತಂದರು. ಹೆಸರು ಜಯಮ್ಮ. ಸೋಲೂರೆಂದರೆ ತೆಂಗು, ರಾಗಿ, ಹಸು. ಅವಳ ತೌರಿನಲ್ಲಿ ಹುಳ ಸಾಕಿದವರಿಲ್ಲ. ಹುಳ ಗೊತ್ತಿಲ್ಲದ ಸೊಸೆ ಎಂಬ ಒಂದೇ ಕಾರಣಕ್ಕೆ ಅಜ್ಜಿಯ ಮೂಗು ಮೊದಲ ದಿನದಿಂದಲೇ ಅವಳ ಹಿಂದೆ ಬಿತ್ತು. ಮದುವೆಯ ಪಾತ್ರೆಗಳ ಜೊತೆ ಅವಳು ಹಳೇ ಸೀರೆಯಲ್ಲಿ ಸುತ್ತಿದ ಒಂದು ಚಪ್ಪಟೆ ವಸ್ತು ತಂದಿದ್ದಳು. ಅಜ್ಜಿ ಅದನ್ನು ಎಲ್ಲರ ಮುಂದೆ ಬಿಚ್ಚಿಸಿದಳು. ಮರದ ಚೌಕಟ್ಟು, ಅದಕ್ಕೆ ಬಿಗಿದು ಹೊಡೆದ ಸಣ್ಣ ಕಣ್ಣಿನ ಜಾಲರಿ.

"ಇದೇನವ್ವಾ, ಜರಡೀನಾ? ನಮ್ಮನೇಲಿ ಜರಡಿ ಇಲ್ಲ ಅಂತ ಯಾರ್ ಹೇಳಿದ್ರು?"

"ಜರಡಿ ಅಲ್ಲ ಅತ್ತೆ. ಕಾಗ್ದ ಎತ್ತೋದು."

"ಯಾವ್ ಕಾಗ್ದ?"

"ಚಿತ್ರ ಬರೆಯೋ ಕಾಗ್ದ. ನಾರಲ್ಲಿ ಮಾಡೋದು. ಮದ್ವೆಗ್ ಮುಂಚೆ ಮಾಗಡೀಲಿ ಹೆಣ್ಮಕ್ಳಿಗೆ ಕಲಿಸ್ತಿದ್ರು, ಕಲ್ತಿದ್ದೆ."

ಅಜ್ಜಿ ಚೌಕಟ್ಟನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಮೂಸಿ ನೋಡಿದಳು. ಆಮೇಲೆ ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದ ಅರ್ಥ ನನಗೆ ಆಗಲೇ ಗೊತ್ತಾಗಿತ್ತು. ನಾಳೆಯಿಂದ ಕಾಯಬೇಕಾದವಳು ಇವಳು.

ಚಿಕ್ಕವ್ವ ಬಂದ ಸ್ವಲ್ಪ ದಿನಕ್ಕೇ ಕೇಳಬಾರದ್ದನ್ನು ಕೇಳಿದಳು. ನಮ್ಮಲ್ಲಿ ಹಿಪ್ಪುನೇರಳೆಯನ್ನು ಕಡ್ಡಿಯ ಸಮೇತ ಕೊಯ್ದು ಹುಳಕ್ಕೆ ಹಾಕುವುದು. ಹುಳ ಎಲೆ ತಿಂದು ಮುಗಿಸಿದ ಮೇಲೆ ಬೋಳು ಕಡ್ಡಿ ಉಳಿಯುತ್ತದೆ. ಅದನ್ನು ಒಣಗಿಸಿ ಒಲೆಗೆ ಇಡುತ್ತಿದ್ದರು. ಒಲೆಗೆ ಹೋಗುವ ಮುಂಚೆ ಅದರ ಸಿಪ್ಪೆಯನ್ನು ತನಗೆ ಕೊಡಬೇಕೆಂದು ಚಿಕ್ಕವ್ವ ಕೇಳಿದಳು. ಸಿಪ್ಪೆ ಸುಲಿದುಕೊಂಡು ಕಡ್ಡಿಯನ್ನು ಹಾಗೇ ವಾಪಸು ಸೌದೆ ರಾಶಿಗೆ ಇಡುತ್ತೇನೆ ಎಂದಳು. ಅಜ್ಜಿಗೆ ಅದು ಅರ್ಥವಾಗಲಿಲ್ಲ. ಏನೂ ಬೆಲೆಯಿಲ್ಲದ್ದನ್ನು ಒಬ್ಬರು ಬೇಡಿ ತೆಗೆದುಕೊಳ್ಳುತ್ತಿದ್ದಾರೆ ಎಂದರೆ ಅದರಲ್ಲಿ ನಮಗೆ ಕಾಣದ ಬೆಲೆ ಇರಲೇಬೇಕು. ಎರಡು ದಿನ ಯೋಚಿಸಿದಳು. ಕೊನೆಗೆ ಚಿಕ್ಕಪ್ಪ ಬಾಯಿ ಹಾಕಿದ ಮೇಲೆ, ಎತ್ತು ಮಾರಿದಾಗಿನಿಂದ ಹಿತ್ತಲಿನಲ್ಲಿ ಖಾಲಿ ಬಿದ್ದಿದ್ದ ಎತ್ತಿನ ಕೊಟ್ಟಿಗೆಯನ್ನು ಬಿಟ್ಟುಕೊಟ್ಟಳು. ಹುಳದ ಕೋಣೆಗೆ ಕಾಲಿಡಕೂಡದು, ಸೊಪ್ಪಿನ ಕಟ್ಟನ್ನು ಬಾಗಿಲ ತನಕ ತಂದು ಇಟ್ಟು ಹಿಂದಕ್ಕೆ ಹೋಗಬೇಕು ಎಂಬ ಷರತ್ತು ಹಾಕಿ.

ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ಕಾಯುವ ಕೆಲಸ ಶುರು ಮಾಡಿದೆ. ಚಿಕ್ಕವ್ವ ಸಿಪ್ಪೆಯ ಮೇಲಿನ ಕಂದು ಪದರವನ್ನು ಕುಡುಗೋಲಿನಿಂದ ಹೆರೆದು, ಒಳಗಿನ ಬಿಳಿ ನಾರನ್ನು ನೀರಲ್ಲಿ ನೆನೆ ಹಾಕುತ್ತಿದ್ದಳು. ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆದ ನೀರಿನಲ್ಲಿ ಅದನ್ನು ಬೇಯಿಸುತ್ತಿದ್ದಳು. ಬೇಯುವಾಗ ಒಂದು ವಾಸನೆ ಏಳುತ್ತಿತ್ತು, ಒದ್ದೆ ಮಣ್ಣಿನದೂ ಅಲ್ಲ, ಅಗಸರು ಬಟ್ಟೆ ಬೇಯಿಸುವ ಉಬ್ಬೆಯದೂ ಅಲ್ಲ, ಎರಡರ ನಡುವಿನದು. ಬೆಂದ ನಾರನ್ನು ತೊಳೆದು, ಕಲ್ಲಿನ ಮೇಲಿಟ್ಟು, ಬಟ್ಟೆ ಒಗೆಯುವ ಕೊಡತಿಯಿಂದ ಬಡಿದೂ ಬಡಿದೂ ಬೆಣ್ಣೆಯ ಹಾಗೆ ಮಾಡುತ್ತಿದ್ದಳು. ತೊಟ್ಟಿಯ ನೀರಿಗೆ ಅದನ್ನು ಕದಡಿ, ಬೆಂಡೆ ಗಿಡದ ಬೇರು ಜಜ್ಜಿ ತೆಗೆದ ಲೋಳೆ ಸೇರಿಸಿ, ಚೌಕಟ್ಟನ್ನು ಮುಳುಗಿಸಿ ಎತ್ತಿದರೆ ಜಾಲರಿಯ ಮೇಲೆ ಒಂದು ತೆಳ್ಳನೆ ಬಿಳಿ ಕೆನೆ ನಿಲ್ಲುತ್ತಿತ್ತು. ಅದನ್ನು ಹಳೇ ಪಂಚೆಯ ಮೇಲೆ ಬೋರಲು ಹಾಕಿ, ಕಲ್ಲು ಹೇರಿ ನೀರು ಹಿಂಡಿ, ಆಮೇಲೆ ಗೋಡೆಗೆ ಅಂಟಿಸುತ್ತಿದ್ದಳು. ಮೊದಲ ಹಾಳೆ ಒಣಗಿ ಗೋಡೆಯಿಂದ ತಾನೇ ಬಿಟ್ಟುಕೊಂಡಾಗ ಅವಳು ಅದನ್ನು ನನ್ನ ಕೆನ್ನೆಗೆ ಒತ್ತಿದಳು. ಬೆಚ್ಚಗಿತ್ತು, ಸ್ವಲ್ಪ ಒರಟು.

"ನಿಮ್ಮಜ್ಜಿಗೆ ಹೋಗಿ ಏನ್ ಹೇಳ್ತೀಯೆ ಮಂಗ್ಳಾ?" ಎಂದಳು.

ನಾನು ಯಾಕೆ ನಿಂತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು.

"ಏನಿಲ್ಲ."

"ಹೇಳು, ಪರ್ವಾಗಿಲ್ಲ. ಆದ್ರೆ ನೋಡಿದ್ದನ್ನಷ್ಟೇ ಹೇಳ್ಬೇಕು. ನೋಡ್ದೆ ಇರೋದನ್ನ ಸೇರಿಸ್ಬಾರ್ದು."

ಅಜ್ಜಿಗೆ ನಾನು ನೋಡಿದ್ದನ್ನಷ್ಟೇ ಹೇಳಿದೆ. ಅಜ್ಜಿ ನಂಬಲಿಲ್ಲ. ಬೆಂದ ನಾರಿನ ನೀರನ್ನು ಚಿಕ್ಕವ್ವ ಬಾಳೆಯ ಬುಡಕ್ಕೆ ಸುರಿಯುತ್ತಿದ್ದಳು. ಬೂದಿ ನೀರಿನ ಬದಲು ಕಾಸ್ಟಿಕ್ ಸೋಡಾ ಹಾಕಿದ್ದರೆ ನಾರು ಬೇಗ ಬೇಯುತ್ತಿತ್ತಂತೆ, ಆದರೆ ಆ ನೀರು ಬಿದ್ದ ಕಡೆ ಹುಲ್ಲೂ ಹುಟ್ಟುವುದಿಲ್ಲವಂತೆ. ಅಜ್ಜಿ ಪ್ರತಿ ದಿನ ಬೆಳಿಗ್ಗೆ ಎದ್ದವಳೇ ಹಿತ್ತಲಿಗೆ ಹೋಗಿ ಆ ಬಾಳೆ ಗಿಡ ಸಾಯುತ್ತಿದೆಯೇ ಎಂದು ನೋಡುತ್ತಿದ್ದಳು. ಗಿಡ ಗೊನೆ ಹಾಕಿತು. ಅದಕ್ಕೂ ಅಜ್ಜಿ ಹುಬ್ಬು ಗಂಟಿಕ್ಕಿದಳು. ಇಷ್ಟು ದೊಡ್ಡ ಗೊನೆ ಈ ಹಿಂದೆ ಯಾಕೆ ಬಂದಿರಲಿಲ್ಲ ಎಂದು.

ಈಗ ಅಂಥ ಕಾಗದಕ್ಕೆ ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಜಲವರ್ಣಕ್ಕೆಂದು ನನಗೆ ಬೇಕಾದ ಹಾಳೆಗಳನ್ನು ಹುಡುಕಿಕೊಂಡು ಅಂಗಡಿಗಳಿಗೆ ಹೋಗುತ್ತೇನೆ. ಆ ಚೀಟಿ ಕಂಡ ತಕ್ಷಣ ನನ್ನ ಮನಸ್ಸು ಹಿಂದೆ ಸರಿಯುತ್ತದೆ. ಯಾವ ಗಿಡದ ನಾರು, ಯಾವುದರಲ್ಲಿ ಬೇಯಿಸಿದ್ದು, ಬೆಂದ ನೀರನ್ನು ಎಲ್ಲಿಗೆ ಚೆಲ್ಲಿದ್ದು ಎಂದು ಕೇಳುತ್ತೇನೆ. ಅಂಗಡಿಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಆದರೆ ಹೀಗೆ ಕೇಳುವಾಗ ನನ್ನ ದನಿ ಅವಳದೇ.

ಚಿಕ್ಕವ್ವನ ಹಾಳೆಗಳಿಗೆ ಗಿರಾಕಿಯೊಬ್ಬರು ಬಂದ ದಿನ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಬಂದವರು ಚನ್ನಪಟ್ಟಣದ ಇನಾಯತ್ ಸಾಬರು. ಅವರ ಮನೆತನ ಬೊಂಬೆ ಕಡೆಯುವವರದು. ಅವರು ಮಾತ್ರ ವಯಸ್ಸಾದ ಮೇಲೆ ಕೆಲಸದ ಪಟ್ಟಡಿಯನ್ನು ಮಕ್ಕಳಿಗೆ ಬಿಟ್ಟು ಹಕ್ಕಿಗಳ ಚಿತ್ರ ಬರೆಯುತ್ತ ಕೂತಿದ್ದರು. ಮಾಗಡಿಯಲ್ಲಿ ಚಿಕ್ಕವ್ವನಿಗೆ ಕಾಗದ ಕಲಿಸಿದವರಿಂದ ವಿಷಯ ತಿಳಿದು ಬಂದಿದ್ದರು. ಬಿಳಿ ಗಡ್ಡ, ತೊಳೆದು ಇಸ್ತ್ರಿ ಮಾಡಿದ ಜುಬ್ಬ, ಬಗಲಲ್ಲಿ ಚೀಲ. ಅಜ್ಜಿ ಅವರನ್ನು ಜಗಲಿಯ ತುದಿಯಲ್ಲಿ ಕೂರಿಸಿದಳು. ಚಿಕ್ಕವ್ವ ಹಾಳೆಗಳನ್ನು ತಂದು ಮುಂದಿಟ್ಟಳು. ಸಾಬರು ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಚಿಟಿಕೆ ಹೊಡೆದು ಸದ್ದು ಕೇಳಿದರು. ಆಮೇಲೆ ಹಾಳೆಯ ಮೂಲೆಯನ್ನು ನಾಲಿಗೆಗೆ ತಾಗಿಸಿ ನೆಕ್ಕಿದರು.

ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಎದ್ದೇ ನಿಂತಳು.

"ಅದ್ಯಾಕ್ ನೆಕ್ಕೀರಿ ಸಾಬ್ರೇ? ಹೆಣ್ಮಗ ಮುಟ್ಟಿದ್ದನ್ನ?"

ಸಾಬರು ಗಾಬರಿಯಾದರು. "ಅಯ್ಯೋ ಅಮ್ಮಾ, ತಪ್ಪು ತಿಳೀಬೇಡಿ. ಕಾಗ್ದ ಎಷ್ಟು ನೀರು ಕುಡೀತೈತೆ ನಾಲ್ಗೇಗೇ ಗೊತ್ತಾಗೋದು. ಇದು ಭಾಳ ಕುಡೀತೈತೆ. ಬಣ್ಣ ನಿಲ್ಲಲ್ಲ, ಹರಡ್ಕೊಂಡ್ಬಿಡ್ತೈತೆ."

ಚೀಲದಿಂದ ಕುಂಚ ತೆಗೆದು, ಲೋಟದ ನೀರಲ್ಲಿ ಅದ್ದಿ, ನೀಲಿ ಬಣ್ಣದ ಒಂದು ಗೆರೆ ಎಳೆದು ತೋರಿಸಿದರು. ಗೆರೆಯ ಅಂಚಿನಿಂದ ಜೇಡನ ಕಾಲುಗಳ ಹಾಗೆ ನೀಲಿ ಹರಡಿತು. ಹುಣಸೆ ಬೀಜ ಹುರಿದು, ಪುಡಿ ಮಾಡಿ, ಅಂಬಲಿ ಕಾಯಿಸಿ ಹಾಳೆಗೆ ಸವರಬೇಕು ಎಂದು ಹೇಳಿಕೊಟ್ಟು ಹೋದರು. ಮುಂದಿನ ಸಲ ಅವರು ಬಂದಾಗ ಗೆರೆ ಎಳೆದ ಕಡೆಯೇ ನಿಂತಿತು. ಸಾಬರು ಹಾಳೆಗಳನ್ನೆಲ್ಲ ಒಯ್ದರು. ಚಿಕ್ಕವ್ವ ಅವತ್ತು ಹಾಡಿಕೊಂಡು ಅಂಗಳ ಗುಡಿಸಿದಳು. ಆದರೆ ಅಜ್ಜಿಯ ಕಣ್ಣಿಂದ ಆ ನಾಲಿಗೆ ಹೋಗಲೇ ಇಲ್ಲ. ಡೇರಿಯಲ್ಲಿ ಹಾಲು ಹಾಕಲು ನಿಂತ ಹೆಂಗಸರಿಗೆ ಅವಳೇ ಹೇಳಿದಳು. ಸಂಜೆ ಹೊತ್ತಿಗೆ ಊರಲ್ಲಿ, ಕೆಂಪಮ್ಮನ ಸೊಸೆ ಮಂತ್ರಿಸಿದ ಕಾಗದ ಮಾಡುತ್ತಾಳಂತೆ, ನೆಕ್ಕಿದವರು ಅವಳು ಹೇಳಿದಂತೆ ಕೇಳುತ್ತಾರಂತೆ ಎಂಬ ಮಾತಾಗಿತ್ತು.

ಅದರ ಮುಂದಿನ ಬೆಳೆಗೆ ಅಪ್ಪ ಎಂದಿಗಿಂತ ಹೆಚ್ಚು ಹುಳದ ಮೊಟ್ಟೆ ತಂದ. ಅಜ್ಜಿ ಬೇಡವೆಂದಿದ್ದಳು; ನಮ್ಮ ತೋಟದ ಸೊಪ್ಪು ಅಷ್ಟು ಹುಳಕ್ಕೆ ಸಾಲದು ಎಂದಿದ್ದಳು. ಅಪ್ಪ, ಸಾಕಾಗುತ್ತದೆ ಎಂದು ಹಟ ಹಿಡಿದ. ಅಪ್ಪನಿಗೆ ಆ ಮನೆಯಲ್ಲಿ ಒಂದೇ ಒಂದು ಸಲವಾದರೂ ಅಜ್ಜಿಯ ಲೆಕ್ಕ ತಪ್ಪೆಂದು ತೋರಿಸುವ ಆಸೆಯಿತ್ತು. ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹೊಟ್ಟೆಬಾಕತನದಿಂದ ತಿನ್ನುವ ಹೊತ್ತು ಬಂತು. ನಡುಮನೆಯಿಂದ ಹಗಲೂ ರಾತ್ರಿ ಕರಕರ ಸದ್ದು. ತೋಟ ಬೋಳಾಗುತ್ತ ಬಂತು. ಒಂದು ಮಧ್ಯಾಹ್ನ ಅಜ್ಜಿ ಒಳಗೆ ತಟ್ಟೆಗಳ ಹಿಕ್ಕೆ ತೆಗೆಯುತ್ತಿದ್ದಾಗ ಅಪ್ಪ ಮೊಪೆಡ್ಡಿನ ಹಿಂದೆ ಸೊಪ್ಪಿನ ಕಟ್ಟುಗಳನ್ನು ಹೇರಿಕೊಂಡು ಹಿತ್ತಲ ಕಡೆಯಿಂದ ಬಂದ. ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ಅದನ್ನು ನೋಡಿದೆ. ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಪ್ಪನ ಮೇಲೆ ಕಣ್ಣಿಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಅಪ್ಪ ಚಿಕ್ಕವ್ವನನ್ನು ಕರೆದು ಕಟ್ಟುಗಳನ್ನು ಹುಳದ ಕೋಣೆಯ ಬಾಗಿಲಿಗೆ ಸಾಗಿಸುವಂತೆ ಹೇಳಿದ. ಅವಳು ದಾರ ಬಿಚ್ಚಿ ಕೊಟ್ಟಿಗೆಯಲ್ಲಿಟ್ಟು, ಸೊಪ್ಪನ್ನು ಸಾಗಿಸಿದಳು. ಸಂಜೆ ಬೋಳು ಕಡ್ಡಿಗಳು ಹೊರಗೆ ಬಂದವು. ಚಿಕ್ಕವ್ವ ಎಂದಿನಂತೆ ಸಿಪ್ಪೆ ಸುಲಿಯಲು ಕೂತಳು.

ಬೆಳಿಗ್ಗೆ ಎದ್ದಾಗ ಮನೆ ಮೌನವಾಗಿತ್ತು. ಹುಳ ತಿನ್ನುವ ಕರಕರ ಸದ್ದು ನಿಂತಿತ್ತು. ನಡುಮನೆಯ ತಟ್ಟೆಗಳಲ್ಲಿ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಬೆರಳು ದಪ್ಪ ಇದ್ದವು ಮುದುಡಿ ಅರ್ಧವಾಗಿದ್ದವು. ಅಜ್ಜಿ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ನಿಂತಿದ್ದಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ಇದು ರೋಗ ಅಲ್ಲ ಕಣ್ರೋ," ಎಂದಳು. "ಇದು ವಿಷ. ಯಾರೋ ವಿಷ ಮುಟ್ಟಿದ್ ಕೈಲಿ ಸೊಪ್ಪು ಮುಟ್ಟವ್ರೆ."

ಆ ಕ್ಷಣಕ್ಕೆ ಚಿಕ್ಕವ್ವ ಹಿತ್ತಲಿಂದ ಬಂದಳು. ಅವಳ ಎರಡೂ ಕೈಗಳ ಮೇಲೆ ಕೆಂಪು ಗುಳ್ಳೆಗಳು ಎದ್ದಿದ್ದವು. ಅವಳು ಏನು ಹೇಳಲು ಬಂದಳೋ, ಅಜ್ಜಿ ಹೇಳಗೊಡಲಿಲ್ಲ. ಆ ಕೈಗಳನ್ನು ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದಳು.

"ನೋಡ್ರಪ್ಪ. ಬೂದಿ ನೀರು, ಬೂದಿ ನೀರು ಅಂತಾಳಲ್ಲ. ಬೂದಿ ನೀರು ಇಂಗ್ ಮಾಡ್ತದಾ? ಏನ್ ಬೇಯಿಸ್ತಿದ್ದೀಯೆ ಆ ಕೊಟ್ಟಿಗೇಲಿ?"

ಚಿಕ್ಕವ್ವ ಅಪ್ಪನ ಮುಖ ನೋಡಿದಳು. ಅಪ್ಪ ಕಂಬದ ಕಡೆ ತಿರುಗಿ ನಿಂತಿದ್ದ. ಅವಳು ಕೈ ಬಿಡಿಸಿಕೊಂಡು ಒಳಗೆ ಹೋದಳು.

ಹುಳಗಳನ್ನು ತಿಪ್ಪೆಯ ಪಕ್ಕದಲ್ಲಿ ಗುಂಡಿ ತೆಗೆದು ಮುಚ್ಚಿದರು. ಮುಚ್ಚಿ ಬಂದ ಅಪ್ಪನೇ ಹೋಗಿ ಕೊಟ್ಟಿಗೆಯ ತೊಟ್ಟಿಯನ್ನು ಬೋರಲು ಹಾಕಿದ. ಬಿಳಿ ನಾರಿನ ನೀರು ಅಂಗಳದವರೆಗೂ ಹರಿಯಿತು. ಅವ್ವ ಕೂಡ, ಅಜ್ಜಿಯ ಯಾವ ಮಾತನ್ನೂ ಒಪ್ಪದ ನನ್ನ ಅವ್ವ ಕೂಡ, ಅವತ್ತು ಅಜ್ಜಿಯ ಜೊತೆ ನಿಂತಳು. ಅವರಿಬ್ಬರೂ ಒಟ್ಟಿಗೆ ಕೂತು ಪಿಸುಗುಟ್ಟಿದ್ದನ್ನು ಕಂಡು ನನಗೆ ಹುಳ ಸತ್ತದ್ದಕ್ಕಿಂತ ಹೆಚ್ಚು ಭಯವಾಯಿತು. ಮಧ್ಯಾಹ್ನ ಚಿಕ್ಕಪ್ಪ ವ್ಯಾನು ಬಿಟ್ಟು ಬಂದ. ಎಲ್ಲ ಕೇಳಿಸಿಕೊಂಡ. ಚಿಕ್ಕವ್ವ ಅಡುಗೆಮನೆಯ ಮೂಲೆಯಲ್ಲಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅವನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಹಳ ಮೆತ್ತಗೆ ಕೇಳಿದ:

"ಜಯಾ, ನಿಜ ಹೇಳ್ಬುಡು. ಸೋಡಾ ಗೀಡಾ ಏನಾರ ತಂದಿದ್ದಾ?"

ಅವಳು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು.

"ಅತ್ತೆ ಕೇಳಿದ್ರು, ಅಕ್ಕ ಕೇಳಿದ್ರು. ನಾನು ಸುಮ್ಕಿದ್ದೆ. ಈಗ ನೀವೂ ಕೇಳಿದ್ರಲ್ಲ."

ಯಾರೂ ಅವಳನ್ನು ಹೋಗೆನ್ನಲಿಲ್ಲ. ಅವಳೇ ಹಿತ್ತಲಿಗೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇನೋ ಮಾಡಿ, ಚೌಕಟ್ಟನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಂದಳು. ನನ್ನ ತಲೆ ಸವರಿ, ಬಸ್ಸಿನ ಕಡೆ ನಡೆದಳು. ಚಿಕ್ಕಪ್ಪ ಹಿಂದೆ ಹಿಂದೆ ಸ್ವಲ್ಪ ದೂರ ಹೋಗಿ ನಿಂತುಬಿಟ್ಟ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಒಗ್ಗರಣೆ ಹಾಕಬಹುದಿತ್ತು, ಆದರೆ ಯಾರೂ ಹಾಕಲಿಲ್ಲ. ಅಜ್ಜಿ ಖಾಲಿ ನಡುಮನೆಯಲ್ಲಿ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಅವಳೇ ಒಲೆಗೆ ಸೌದೆ ತರಲು ಹಿತ್ತಲಿಗೆ ಹೋದಳು, ನಾನೂ ಹಿಂದೆ ಹೋದೆ. ರಾಶಿಯ ತುತ್ತತುದಿಗೆ, ಕಣ್ಣಿಗೆ ಹೊಡೆಯುವ ಹಾಗೆ, ಅರ್ಧ ಸಿಪ್ಪೆ ಸುಲಿದ ಕಡ್ಡಿಗಳ ಒಂದು ಕಟ್ಟು ಇತ್ತು. ಅಜ್ಜಿ ಕೈ ಚಾಚಿದವಳು ನಿಂತಳು. ನಮ್ಮಲ್ಲಿ ಸೊಪ್ಪಿನ ಕಟ್ಟನ್ನು ಕಟ್ಟುತ್ತಿದ್ದದ್ದು ತೆಂಗಿನ ನಾರಿನಿಂದ. ಈ ಕಟ್ಟಿಗೆ ನೀಲಿ ಪ್ಲಾಸ್ಟಿಕ್ ದಾರವಿತ್ತು. ಅಜ್ಜಿ ದಾರವನ್ನು ಬೆರಳಿಗೆ ಸುತ್ತಿ ಎಳೆದು ನೋಡಿದಳು. ಕಡ್ಡಿಯನ್ನು ಮುರಿದು ಮೂಸಿದಳು. ಮತ್ತೆ ಮೂಸಿದಳು. ನನ್ನ ಕಡೆ ತಿರುಗಿದಳು.

"ಈ ಕಟ್ಟು ಯಾರ್ ತಂದಿದ್ದು ಮಗಾ?"

"ಅಪ್ಪ. ಮೊಪೆಡ್ಡಲ್ಲಿ. ಹುಳ ಸಾಯೋ ಹಿಂದಿನ್ ದಿನ."

"ನೀನು ಕಣ್ಣಾರೆ ನೋಡಿದ್ದಾ?"

"ಹ್ಞೂಂ."

ಅಜ್ಜಿ ದಾರವನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆ ಕ್ಷಣದ ಅವಳ ಮುಖವನ್ನು ನಾನು ಎಷ್ಟೋ ಸಲ ಬರೆಯಲು ನೋಡಿದ್ದೇನೆ, ಬಂದಿಲ್ಲ. ಲೋಕದವರನ್ನೆಲ್ಲ ಅನುಮಾನಿಸಿದವಳು ತನ್ನ ಹಿರಿಮಗನನ್ನು ಮಾತ್ರ ಒಂದು ದಿನವೂ ಮೂಸಿ ನೋಡಿರಲಿಲ್ಲ. ಬೀಡಿಗೆ ಬೈದಿರಬಹುದು, ಅಷ್ಟೇ.

ಅಪ್ಪ ಊಟಕ್ಕೆ ಕೂತಾಗ ಅವಳು ದಾರವನ್ನು ತಟ್ಟೆಯ ಪಕ್ಕ ಇಟ್ಟಳು.

"ಇದ್ಯಾವ್ದ್ಲಾ?"

"ಯಾವ್ದೋ ದಾರ."

"ಟಮಾಟ ಗಿಡ ಎತ್ತಿ ಕಟ್ತಾರಲ್ಲ, ಆ ದಾರ ಕಣ್ಲಾ ಇದು. ನಮ್ ಹೊಲ್ದಲ್ಲಿ ಟಮಾಟ ಎಲ್ಲೈತೆ?"

ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. ಬಾಗಿಲಲ್ಲಿ ಚಿಕ್ಕಪ್ಪ ಬಂದು ನಿಂತಿದ್ದ. ಅವ್ವ ಸಾರಿನ ಪಾತ್ರೆ ಹಿಡಿದುಕೊಂಡು ನಿಂತಿದ್ದಳು.

"ಸೊಪ್ಪು ಸಾಲ್ದೆ ಬಂತು," ಎಂದ ಅಪ್ಪ. "ಹೊಳೆ ಆಚೆ ತೋಟದಲ್ಲಿ ತಂದೆ. ಪಕ್ಕದ್ ಟಮಾಟಕ್ಕೆ ಔಷ್ದಿ ಹೊಡ್ದವ್ರೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣವ್ವ. ಆಣೆಗೂ ಗೊತ್ತಿರ್ಲಿಲ್ಲ."

"ಹುಳ ಸತ್ತ ಮೇಲೆ ಗೊತ್ತಾಯ್ತಾ?"

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಗೊತ್ತಿದ್ದೂ ಹೋಗಿ ಆ ಹೆಣ್ಮಗಳ ತೊಟ್ಟಿ ಮಗುಚಿ ಹಾಕ್ದೆ."

ಚಿಕ್ಕಪ್ಪ ಬಾಗಿಲಿಂದಲೇ ಹೊರಟುಹೋದ. ಅಪ್ಪ ಕೈ ತೊಳೆದುಕೊಂಡ. ನನಗೆ ಅಪ್ಪನೆಂದರೆ ಮನೆಯಲ್ಲಿ ಎಲ್ಲರಿಗಿಂತ ಇಷ್ಟ. ಯಾರ ಮೇಲೂ ಚಾಡಿ ಹೇಳದವನು ಅವನೊಬ್ಬನೇ. ಅವತ್ತು ಅವನು ನನ್ನ ಮುಂದೆ ಹಾದುಹೋದಾಗ ನನಗೇ ತಿಳಿಯದೆ ಅವನ ಕೈಗಳನ್ನು ನೋಡಿದೆ. ಆಮೇಲೆ ಅವನು ಏನೇ ತಂದುಕೊಟ್ಟರೂ, ಪೇಟೆಯಿಂದ ತಂದ ಮಿಠಾಯಿಯೇ ಆಗಲಿ, ಎಲ್ಲಿಂದ ತಂದದ್ದು ಎಂದು ಕೇಳದೆ ಬಾಯಿಗೆ ಹಾಕಿದವಳಲ್ಲ.

ಎರಡು ದಿನ ಬಿಟ್ಟು ಅಜ್ಜಿ ನನ್ನನ್ನು ಕರೆದುಕೊಂಡು ಸೋಲೂರಿಗೆ ಹೊರಟಳು. ಚಿಕ್ಕಪ್ಪ ಅದಕ್ಕೆ ಮುಂಚೆಯೇ ಹೋಗಿ ಬರಿಗೈಲಿ ವಾಪಸು ಬಂದಿದ್ದ. ರಾಮನಗರದಲ್ಲಿ ಒಂದು ಬಸ್ಸು, ಮಾಗಡಿಯಲ್ಲಿ ಇನ್ನೊಂದು. ಸಾವನದುರ್ಗದ ಬಂಡೆ ಕಿಟಕಿಯಲ್ಲಿ ಬಹಳ ಹೊತ್ತು ಜೊತೆಗೆ ಬಂತು. ಅಜ್ಜಿ ದಾರಿಯುದ್ದಕ್ಕೂ ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಚಿಕ್ಕವ್ವನ ತೌರುಮನೆಯ ಅಂಗಳದಲ್ಲಿ ತೆಂಗಿನ ಗರಿಗಳ ನಡುವೆ ಅವಳು ಕೂತು ಬಾಳೆಯ ದಿಂಡಿನಿಂದ ನಾರು ಎಳೆಯುತ್ತಿದ್ದಳು. ನಮ್ಮನ್ನು ನೋಡಿ ಎದ್ದು, ಕಾಲು ತೊಳೆಯಲು ನೀರು ಕೊಟ್ಟಳು. ಅಜ್ಜಿ ಕೂರಲಿಲ್ಲ. ಗಂಟು ಬಿಚ್ಚಿ ದಾರವನ್ನು ಮುಂದೆ ಹಿಡಿದಳು.

"ಸೌದೆ ರಾಶಿ ಮೇಲಿತ್ತು. ನೋಡ್ದೆ."

"ನೀವು ನೋಡ್ತೀರಿ ಅಂತ್ಲೇ ಮೇಲ್ಗಡೆ ಇಟ್ಟು ಬಂದೆ ಅತ್ತೆ."

ಅಜ್ಜಿ ಅವಳನ್ನು ದಿಟ್ಟಿಸಿ ನೋಡಿದಳು.

"ನಿಂಗೆ ಅವತ್ತೇ ಗೊತ್ತಿತ್ತಾ?"

"ಸಿಪ್ಪೆ ಸುಲೀತಾ ಕೈ ಉರೀತು. ಕಡ್ಡಿ ನಮ್ ತೋಟದ್ದಲ್ಲ ಅನ್ನಿಸ್ತು. ಹೇಳಾಣ ಅಂತ ಬಂದೆ, ನೀವು ನನ್ ಕೈ ಹಿಡ್ಕಂಡ್ರಿ. ಭಾವನ ಮೇಲೆ ನಾನು ಹೇಳಿದ್ರೆ ಯಾರ್ ನಂಬೋರು? ನೀವೇ ಕಂಡುಹಿಡೀಬೇಕಿತ್ತು."

ಅಜ್ಜಿ ಅಲ್ಲೇ ಜಗಲಿಯ ಮೇಲೆ ಕೂತಳು. ಅವಳ ತುಟಿಯಂಚಿನಲ್ಲಿ ನಗುವಿನಂಥದ್ದು ಬಂದು ಹೋಯಿತು. ತನ್ನ ಕಣ್ಣನ್ನು ಇಷ್ಟು ಸರಿಯಾಗಿ ಅಳೆದವರು ಅವಳಿಗೆ ಈ ಹಿಂದೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

"ಬಾರವ್ವ ಮನೆಗೆ," ಎಂದಳು.

"ಬತ್ತೀನಿ ಅತ್ತೆ. ಆದ್ರೆ ನೀವು ನನ್ ವಿಷಯ ಆಡಿದ್ದು ಡೇರಿ ಮುಂದೆ. ಇದನ್ನೂ ಅಲ್ಲೇ ಆಡ್ಬೇಕು. ಅದು ನನ್ ಕಿವಿಗೆ ಬಿದ್ದ ಮೇಲೆ ಬತ್ತೀನಿ."

ನಾವು ಅವಳಿಲ್ಲದೆ ವಾಪಸು ಬಂದೆವು. ಅಜ್ಜಿ ಅಂಥ ಮಾತು ಒಪ್ಪಬಹುದೆಂದು ಯಾರಿಗೂ ಅನ್ನಿಸಲಿಲ್ಲ. ಅಪ್ಪ, ಊರಿಗೆಲ್ಲ ಗೊತ್ತಾಗುವುದು ಬೇಡ, ನಾನೇ ಹೋಗಿ ಕೈ ಮುಗಿದು ಕರೆತರುತ್ತೇನೆ ಎಂದ. ಅಜ್ಜಿ ಅವನ ಕಡೆ ನೋಡಲೂ ಇಲ್ಲ. ಮಾರನೇ ಬೆಳಿಗ್ಗೆ ಕ್ಯಾನು ಹಿಡಿದು ಡೇರಿಗೆ ಹೋದಳು, ನಾನೂ ಹೋದೆ. ಸಾಲಿನಲ್ಲಿ ನಿಂತಿದ್ದ ಹೆಂಗಸರು ಎಂದಿನಂತೆ ಅವಳಿಗೆ ಜಾಗ ಬಿಟ್ಟರು. ಅವಳು ಮುಂದೆ ಹೋಗಲಿಲ್ಲ. ಕ್ಯಾನನ್ನು ನೆಲಕ್ಕಿಟ್ಟು ಅಲ್ಲೇ ನಿಂತು, ಹೊಲದಲ್ಲಿ ಆಳು ಕರೆಯುವ ದನಿಯಲ್ಲಿ ಹೇಳಿದಳು:

"ಕೇಳ್ರವ್ವಾ. ನನ್ ಹುಳ ಸತ್ತಿದ್ದು ನನ್ ಸೊಸೆ ಕೈಯಿಂದ ಅಲ್ಲ. ಔಷ್ದಿ ಬಿದ್ದಿದ್ ಸೊಪ್ಪು ತಂದವ್ನು ನನ್ ಮಗ, ದೊಡ್ಡೋನು. ತಂದಿದ್ದನ್ನ ಮುಚ್ಚಿಟ್ಟವ್ನೂ ಅವ್ನೇ. ಅವ್ಳ ಮೇಲೆ ಮಾತು ಹಬ್ಬಿಸ್ದೋಳು ನಾನು. ಆ ಕಾಗ್ದದಲ್ಲಿ ಮಂತ್ರಾನೂ ಇಲ್ಲ, ಮಣ್ಣೂ ಇಲ್ಲ."

ಡೇರಿಯವನು ಅಳತೆಯ ಪಾತ್ರೆ ಎತ್ತಿ ಹಿಡಿದು ಹಾಗೇ ನಿಂತಿದ್ದ. ಯಾರೋ ಒಬ್ಬಳು, ಹೋಗ್ಲಿ ಬುಡು ಕೆಂಪಕ್ಕ ಎಂದಳು. ಅಜ್ಜಿ ಕ್ಯಾನು ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು. ಕ್ಯಾನನ್ನು ಮತ್ತೆ ನೆಲಕ್ಕಿಡುವಾಗ ಹಾಲು ತುಳುಕಿ ನನ್ನ ಕಾಲ ಮೇಲೆ ಬಿತ್ತು.

ಮಾತು ಸೋಲೂರು ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಾಲಿನ ವ್ಯಾನಿನವರು ಎಲ್ಲ ಕಡೆಗೂ ಇರುತ್ತಾರೆ. ಚಿಕ್ಕವ್ವ ಬಂದಳು. ಬಂದ ದಿನವೇ ಕೊಟ್ಟಿಗೆಗೆ ಹೋಗಿ ತೊಟ್ಟಿಯನ್ನು ತಾನೇ ಎತ್ತಿ ನಿಲ್ಲಿಸಿದಳು, ಚಿಕ್ಕಪ್ಪ ಸಹಾಯಕ್ಕೆ ಬಂದರೆ ಬೇಡವೆಂದಳು. ಚಿಕ್ಕಪ್ಪನ ಜೊತೆ ಅವಳು ನೆಟ್ಟಗೆ ಮಾತಾಡಿದ್ದು ಎಷ್ಟೋ ಕಾಲದ ಮೇಲೆ. ಅವತ್ತು ಮಧ್ಯಾಹ್ನ ಅವ್ವ ಬಹಳ ದಿನಗಳ ಮೇಲೆ ಒಗ್ಗರಣೆ ಹಾಕಿದಳು. ಗಂಡಸರು ಊಟಕ್ಕೆ ಕೂತರು. ಬಡಿಸಲು ಚಿಕ್ಕವ್ವ ಬಂದಳು. ಅಪ್ಪ ತಲೆ ಎತ್ತಲಿಲ್ಲ. ಒಂದು ಮುದ್ದೆ ಮುಗಿಸಿ ಇನ್ನೇನು ಏಳುವವನಿದ್ದ. ಚಿಕ್ಕವ್ವ ಕೇಳದೆಯೇ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, ಸಾರು ಬಿಟ್ಟು, ಅಲ್ಲೇ ನಿಂತಳು. ಅಪ್ಪ ಬೇಡ ಎನ್ನಲಿಲ್ಲ. ಒಂದೊಂದೇ ತುತ್ತು ನುಂಗುತ್ತ ಪೂರ್ತಿ ತಿಂದ. ಅವನು ತಿಂದು ಮುಗಿಸುವವರೆಗೂ ಅವಳು ಜಾಗ ಬಿಟ್ಟು ಕದಲಲಿಲ್ಲ. ಅಜ್ಜಿ ಅಡುಗೆಮನೆಯ ಬಾಗಿಲಿಂದ ನೋಡುತ್ತಿದ್ದಳು, ಅವ್ವ ನೋಡುತ್ತಿದ್ದಳು, ನಾನು ಕಂಬದ ಹಿಂದಿನಿಂದ ನೋಡುತ್ತಿದ್ದೆ. ಯಾರಿಗೂ ಅದೇನೆಂದು ಹೇಳಲು ಬರಲಿಲ್ಲ.

ಚಿಕ್ಕವ್ವನಿಗೆ ಈಗ ವಯಸ್ಸಾಗಿದೆ. ಹೋದ ಬೇಸಿಗೆಯಲ್ಲಿ ಅವಳ ಪಕ್ಕ ಕೂತು ಸಿಪ್ಪೆ ಹೆರೆಯುತ್ತ ಕೇಳಿದೆ, ಅವತ್ತು ಅಪ್ಪನಿಗೆ ಆ ಮುದ್ದೆ ಯಾಕೆ ಹಾಕಿದೆ ಎಂದು. ಅವಳು ಕೈಯ ಕೆಲಸ ನಿಲ್ಲಿಸಲಿಲ್ಲ.

"ಹಸಿದಿದ್ರು ಕಣೆ," ಎಂದಳು. "ಅಷ್ಟೇ."

ನಾನು ನಂಬಲಿಲ್ಲ.